ಬಣ್ಣ ಮಾರುವವನ ತುರಿಕೆ

ಬಟ್ಟೆಯ ಬಣ್ಣ ಮಾರಿ ಹೊಟ್ಟೆ ಹೊರೆಯುವವನಿಗೆ ಬಣ್ಣವೇ ಮೈಗೆ ಆಗಿಬರುವುದಿಲ್ಲ ಅಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಸೂರತ್ತಿನ ಶೇಠರೂ ಮೊದಮೊದಲು ನನ್ನ ಒಂದು ಮಾತನ್ನೂ ನಂಬುತ್ತಿರಲಿಲ್ಲ. ಚಹಾ ಮುಗಿಯುವಷ್ಟರಲ್ಲಿ ಡ್ರಮ್ಮುಗಟ್ಟಲೆ ಮಾಲು ಕೊಳ್ಳುತ್ತಿದ್ದರು. ಗದಗಿನ ಕಡೆಯ ಹಳ್ಳಿಯಲ್ಲಿ ಎತ್ತು ಹೂಡಿದ ಕೈ ನನ್ನದು. ಅಹಮದಾಬಾದಿನ ಬಣ್ಣದ ಕಂಪನಿ ಸೇರಿದ ವರ್ಷದೊಳಗೇ ಸೂರತ್ತಿನ ಪಾಂಡೇಸರಾದ ಅರ್ಧ ಗಿರಣಿಗಳಿಗೆ ಕಡುನೀಲಿ ಮಾರಿದವನು ನಾನು. ಇಂಥವನ ಬದುಕಿನಲ್ಲಿ ಒಂದಿಲ್ಲೊಂದು ಆಗುತ್ತಲೇ ಇರುತ್ತದೆ. ಆದರೆ ಈ ತುರಿಕೆಯ ದೆಸೆಯಿಂದ ನಿಶ್ಚಯವಾಗಲಿದ್ದ ಹೆಣ್ಣೇ ಕೈಬಿಟ್ಟು ಹೋಗುವುದರಲ್ಲಿತ್ತು. ಅದನ್ನು ಹೇಳುತ್ತೇನೆ.

ನಡೆದಾಡುವ ಜಾಹೀರಾತು

ಬೇರೆ ಮಾರಾಟಗಾರರು ಬಣ್ಣದ ಚೂರುಗಳನ್ನು ಕಾರ್ಡಿಗೆ ಅಂಟಿಸಿಕೊಂಡು ಬರುತ್ತಿದ್ದರು. ನಾನು ಮೈಮೇಲೆ ಹಾಕಿಕೊಂಡು ಹೋಗುತ್ತಿದ್ದೆ. ನಮ್ಮ ಬಣ್ಣದಲ್ಲಿ ಅದ್ದಿದ ಪಾಲಿಯೆಸ್ಟರ್ ಬಟ್ಟೆ ಗಿರಣಿಯಿಂದ ಬಂದ ಕೂಡಲೇ ಅಂಗಿ, ಪ್ಯಾಂಟು ಹೊಲಿಸುವುದು, ಮೂಲೆಗೊಂದು ಚಿಟಿಕೆ ಅರಿಸಿನ ಹಚ್ಚುವುದು, ಹಾಕಿಕೊಳ್ಳುವುದು. ಒಗೆಯುವ ಮಾತೇ ಇಲ್ಲ. ಹೊಸ ಬಟ್ಟೆಯನ್ನು ಒಗೆದು ಹಾಕಿಕೊಂಡರೆ ಅದು ಹೊಸದು ಹೇಗಾದೀತು? ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದಲೂ ಹಾಗೆಯೇ.

ಒಂದು ಏಪ್ರಿಲ್ ಮಧ್ಯಾಹ್ನ ಪಾಂಡೇಸರಾದ ಗಿರಣಿಯೊಳಗೆ ಶೇಠರಿಗೆ ನನ್ನ ಕಾಲರ್ ಹಿಡಿದು ತೋರಿಸುತ್ತಿದ್ದೆ. ಸುತ್ತ ಕುದಿಯುವ ನೀರಿನ ಯಂತ್ರಗಳು. ಬೆವರು ಕಾಲುವೆಯಾಗಿತ್ತು.

"ಬಣ್ಣ ಬಿಡೋದಿಲ್ಲ ತಾನೆ?" ಅಂದರು ಶೇಠರು.

"ನನ್ನ ಮರಿಮಕ್ಕಳ ಕಾಲಕ್ಕೂ ಬಿಡೋದಿಲ್ಲ ಶೇಠ್."

ಅವರು ಮೇಲಿನ ಎರಡು ಗುಂಡಿ ಬಿಚ್ಚಲು ಹೇಳಿದರು. ಒಳಗೆ ನನ್ನ ಬಿಳಿ ಬನಿಯನ್ನು ಆಕಾಶದ ಬಣ್ಣಕ್ಕೆ ತಿರುಗಿತ್ತು. ಕಂಕುಳಂತೂ ನವಿಲಿನ ಕೊರಳು. ಶೇಠರು ತಣ್ಣಗೆ ಅಂದರು: "ಮಾಲು ಒಳ್ಳೆಯದೇ. ಒಂದು ಸಲ ಬಣ್ಣ ಕಟ್ಟಿದರೆ ಎರಡು ಬಟ್ಟೆ, ಒಬ್ಬ ಮನುಷ್ಯ."

ಆವತ್ತು ಸಂಜೆಯ ಗಾಡಿಯಲ್ಲೇ ತುರಿಕೆ ಶುರುವಾಯಿತು.

ದೃಷ್ಟಿಯ ದಾರ

ತುರಿಕೆ ಬಂದವನಿಗೆ ಊರೆಲ್ಲ ವೈದ್ಯರು. ನನ್ನ ರೂಮಿನಲ್ಲಿದ್ದ ದಾವಣಗೆರೆಯ ಹುಡುಗ, "ಇಲ್ಲಿಯೋರು ಬೇಳೆಸಾರಿಗೂ ಬೆಲ್ಲ ಹಾಕ್ತಾರಲ್ಲ, ರಕ್ತ ಸಿಹಿಯಾಗಿದೆ" ಅಂದ. ಮನೆ ಮಾಲೀಕರ ಹೆಂಡತಿ, "ನೀವು ಕರ್ನಾಟಕದವರು ಮೆಣಸಿನಕಾಯಿ ತಿಂತೀರಲ್ಲ, ರಕ್ತ ಕುದ್ದಿದೆ" ಅಂದರು. ಸಿಹಿ ಬಿಟ್ಟೆ, ಖಾರ ಬಿಟ್ಟೆ, ಬದನೆಕಾಯಿ ಬಿಟ್ಟೆ. ಕಡುನೀಲಿ ಅಂಗಿಯೊಂದನ್ನು ಮಾತ್ರ ಬಿಡಲಿಲ್ಲ.

ಎಸ್‌ಟಿಡಿ ಬೂತಿನಿಂದ ಅವ್ವನಿಗೆ ಫೋನು ಮಾಡಿದೆ. ಅವಳಿಗೆ ಅನುಮಾನವೇ ಇಲ್ಲ.

"ದೃಷ್ಟಿ ತಗಲೈತಿ. ಊರ ಮಂದಿ ಮುಂದ ನೀನು ಹಂಗ ಮೆರೀತಿ, ತಗಲಲಾರದ ಏನಾದೀತು?"

ವಾರದೊಳಗೆ ಊರಿನಿಂದ ಬಂದವರೊಬ್ಬರ ಕೈಯಲ್ಲಿ ಮಂತ್ರಿಸಿದ ಕರಿ ದಾರ ಕಳಿಸಿದಳು. ಅಪ್ಪಟ ಕಪ್ಪು, ಆಗಷ್ಟೇ ಬಣ್ಣ ಕಟ್ಟಿದ್ದು. ಸೊಂಟಕ್ಕೆ ಬಿಗಿದುಕೊಂಡೆ. ಮೂರನೆಯ ದಿನಕ್ಕೆ ಸೊಂಟದ ಸುತ್ತ ಅಳತೆಪಟ್ಟಿ ಇಟ್ಟು ಎಳೆದಂತೆ ಕೆಂಪು ಗೆರೆ, ಅದರ ಮೇಲೆ ಗುಳ್ಳೆಗಳು. ಮತ್ತೆ ಫೋನು.

"ಅವ್ವಾ, ದಾರ ಕಟ್ಟಿದಲ್ಲೇ ಹೆಚ್ಚಾಗೈತಿ."

"ಹೌದಲ್ಲೋ? ನೋಡು, ಮೈಯಾಗಿನ ದೃಷ್ಟಿ ಎಲ್ಲಾ ಹಿಡಕೊಂಡು ಒಂದ ಕಡೆ ಕೂಡಿಸೈತಿ. ಇನ್ನೊಂದು ದಾರ ಕಳಿಸ್ತೀನಿ ತಡಿ."

ಹೆಣ್ಣು ನೋಡಿದ್ದು

ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ಬ್ಯಾಂಕಿನ ಅಧಿಕಾರಿಯೊಬ್ಬರಿದ್ದರು, ಹುಬ್ಬಳ್ಳಿ ಕಡೆಯವರು. ವರ್ಗವಾಗಿ ಬಂದು ವಡೋದರಾದಲ್ಲಿ ಕೆಲ ಕಾಲ, ಆಮೇಲೆ ಇಲ್ಲೇ ನೆಲೆನಿಂತವರು. ಅವರ ಮಗಳು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಹಿರಿಯರೊಬ್ಬರು ಸಂಬಂಧ ತಂದರು. ನನ್ನಂಥ ವರ ಅವರಿಗೆ ಲಾಟೀನು ಹಿಡಿದು ಹುಡುಕಿದರೂ ಸಿಗುತ್ತಿರಲಿಲ್ಲ ಅಂತ ನಾನು ಅಂದುಕೊಂಡಿದ್ದೆ. ಹುಡುಗಿಯನ್ನು ನೋಡಿದ ಮೇಲೆ, ಇಂಥ ಹುಡುಗಿ ನನಗೂ ಸಿಗುವುದಿಲ್ಲ ಅನ್ನಿಸಿತು. ಈ ಎರಡನೆಯದನ್ನು ಯಾರಿಗೂ ಹೇಳಲಿಲ್ಲ.

ಆವತ್ತು ಹಾಕಿಕೊಂಡು ಹೋದದ್ದು ಹೊಚ್ಚ ಹೊಸ ಕಡುನೀಲಿ ಸಫಾರಿ. ಅವಲಕ್ಕಿ ಬರುವ ಹೊತ್ತಿಗೆ ಕಂಕುಳು, ತೊಡೆಸಂದಿ ಎರಡೂ ಉರಿಯಲು ಹತ್ತಿದವು. ಹಿರಿಯರ ಮುಂದೆ ಎಲ್ಲಿ ಕೈ ಹಾಕುವುದು? ನೀರು ಬೇಕು ಅಂತ ಒಮ್ಮೆ ಎದ್ದೆ, ಗಾಳಿ ಬೇಕು ಅಂತ ಇನ್ನೊಮ್ಮೆ ಎದ್ದೆ. ಕೊನೆಗೆ ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತು, ಬ್ಯಾಂಕಿನ ಬಡ್ಡಿದರದ ಬಗ್ಗೆ ಮಾತಾಡುತ್ತಾ ಮೆಲ್ಲಗೆ ಮೇಲೆ ಕೆಳಗೆ ಆಡತೊಡಗಿದೆ. ನಮ್ಮೂರ ಎಮ್ಮೆಗಳು ಕಟ್ಟೆಯ ಕಲ್ಲಿಗೆ ಹೀಗೆಯೇ ಮಾಡುತ್ತವೆ.

ಹುಡುಗಿ ನೋಡೇ ನೋಡಿದಳು. ಅವಳ ಕನ್ನಡ ಅರ್ಧ ದಾರಿಯಲ್ಲೇ ಹಿಂದಿಗೆ ಹೊರಳುತ್ತಿತ್ತು. "ನಿಮಗೆ ಖುಜಲಿ ಇದೆ ಕ್ಯಾ?"

ಅವಳ ತಂದೆ ಕನ್ನಡಕ ಏರಿಸಿ ಕೇಳಿದರು: "ಚರ್ಮರೋಗ ಏನಾದರೂ ಐತೇನ್ರಿ ತಮಗ?"

"ಏನಿಲ್ರಿ, ಸೆಕೆ."

"ಸೆಕೆ ನಮಗೂ ಐತ್ರಿ. ನಾವು ಬಾಗಿಲಾ ಉಜ್ಜೂದಿಲ್ಲ. ಮೊದಲ ಡಾಕ್ಟರಿಗೆ ತೋರಿಸ್ರಿ, ಮುಂದಿಂದು ಆಮ್ಯಾಲೆ."

ಹೊರಬೀಳುವಾಗ ಹುಡುಗಿಯ ತಾಯಿ ನಾನು ನಿಂತಿದ್ದ ಚೌಕಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು.

ಬೆನ್ನ ಮೇಲಿನ ಪರೀಕ್ಷೆ

ಮನೆ ಮಾಲೀಕರು ವಡೋದರಾದ ಚರ್ಮದ ಡಾಕ್ಟರಮ್ಮನೊಬ್ಬರ ಹೆಸರು ಹೇಳಿದರು. ಏನು ತಿನ್ನುತ್ತೀರಿ ಅಂತ ಕೇಳದ ಮೊದಲ ಮನುಷ್ಯರು ಅವರೇ. ಏನು ಹಾಕಿಕೊಳ್ಳುತ್ತೀರಿ ಅಂತ ಕೇಳಿದರು. ಅಂಗಿ ತೆಗೆಸಿ ನೋಡಿದರು. ಬನಿಯನ್ನು ಮುಚ್ಚಿದಲ್ಲಿ ಮೈ ಹೆಚ್ಚುಕಡಿಮೆ ನೆಟ್ಟಗಿತ್ತು. ಬನಿಯನ್ನು ಮುಗಿದು ಅಂಗಿ ಉಜ್ಜುವಲ್ಲೆಲ್ಲ ಕೆಂಪಾಗಿತ್ತು. ಬಟ್ಟೆಯ ಬಣ್ಣದ್ದೇ ಇರಬಹುದು, ಪರೀಕ್ಷೆ ಮಾಡಿ ನೋಡೋಣ ಅಂದರು. ಬೆನ್ನ ಮೇಲೆ ಬೇರೆ ಬೇರೆ ಬಣ್ಣದ ಪುಟ್ಟ ಪುಟ್ಟ ಬಿಲ್ಲೆಗಳನ್ನು ಪಟ್ಟಿಯಿಂದ ಅಂಟಿಸಿದರು. ಎರಡು ದಿನ ಸ್ನಾನ ಇಲ್ಲ, ಬೆವರುವಂತಿಲ್ಲ, ಕೆರೆದುಕೊಳ್ಳುವಂತಿಲ್ಲ.

ವಾಪಸು ಹೊರಟ ಗಾಡಿಯಲ್ಲಿ ಕಾಲಿಡಲು ಜಾಗವಿಲ್ಲ. ಕಿಟಕಿ ಪಕ್ಕ ಕೂತಿದ್ದ ಯಜಮಾನರಿಗೆ, "ಕಾಕಾ, ಡಾಕ್ಟರು ಬೆವರಬಾರದು ಅಂದಿದ್ದಾರೆ, ಬೆನ್ನಿಗೆ ಪಟ್ಟಿ ಹಾಕಿದ್ದಾರೆ" ಅಂದೆ. ಅಷ್ಟೇ ಅಂದದ್ದು. ಅವರು ಎದ್ದು ಜಾಗ ಕೊಟ್ಟರು. ಪಕ್ಕದ ಹೆಂಗಸು ತಿನ್ನಲು ಖಾಖ್ರಾ, ಅಂದರೆ ಗರಿಗರಿ ಒಣರೊಟ್ಟಿ ಕೊಟ್ಟಳು. ಆಣಂದ್ ಸ್ಟೇಷನ್ ಬರುವಷ್ಟರಲ್ಲಿ ಡಬ್ಬಿಯವರೆಲ್ಲ ಸೇರಿ ನನಗೆ ಹೃದಯದ ಆಪರೇಷನ್ ಮಾಡಿ ಮುಗಿಸಿದ್ದರು.

ಪಟ್ಟಿ ಬಿಚ್ಚಿಸಲು ಮತ್ತೆ ವಡೋದರಾಕ್ಕೆ ಹೋದೆ. ಒಮ್ಮೆ ನೋಡಿದರು, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡಿದರು. ಕನ್ನಡಿ ಹಿಡಿದು ತೋರಿಸಿದರು. ಕಪ್ಪಿನದು ತುಸು ಕೆಂಪಾಗಿತ್ತು, ಉಳಿದವು ಸುಮ್ಮನಿದ್ದವು. ನೀಲಿಯದೊಂದು ಮಾತ್ರ ಕೆಂಪಗೆ ಉಬ್ಬಿ ಗುಳ್ಳೆ ಎದ್ದಿತ್ತು.

"ಎಲ್ಲಕ್ಕಿಂತ ಜೋರಾಗಿ ಎದ್ದಿರೋದು ಇದು. ಪಾಲಿಯೆಸ್ಟರಿಗೆ ಹಾಕೋ ನೀಲಿ."

ನನಗೆ ಎದೆ ಉಬ್ಬಿತು. "ನಾವು ಮಾರೋದು ಅದೇ ಡಾಕ್ಟರ್. ನಮ್ಮ ಮಾಲು ಎಲ್ಲಿ ಹೋದರೂ ಮುಂದೆ."

ಯಾರು ಹೋದರು?

ಡಾಕ್ಟರಮ್ಮ ಹೇಳಿದ್ದು ಇಷ್ಟು: ಇದು ಅಂಟುರೋಗವಲ್ಲ. ಗಾಢ ಬಣ್ಣದ ಪಾಲಿಯೆಸ್ಟರ್ ದೂರವಿಡಿ. ಬಿಳಿ ಇಲ್ಲವೇ ತಿಳಿ ಬಣ್ಣದ ಸಡಿಲ ಹತ್ತಿ ಬಟ್ಟೆ ಹಾಕಿ. ಯಾವ ಹೊಸ ಬಟ್ಟೆಯಾದರೂ ಎರಡು ಮೂರು ಸಲ ಒಗೆದೇ ಹಾಕಿ. ತಲೆಗೂದಲಿಗೆ ಬಣ್ಣ ಹಚ್ಚುವ ಯೋಚನೆ ಬಂದರೆ ಮೊದಲು ನನ್ನನ್ನು ಕೇಳಿ. ಬಟ್ಟೆಯ ಬಣ್ಣ ಆಗದವರಲ್ಲಿ ಕೆಲವರಿಗೆ ಅದೂ ಆಗುವುದಿಲ್ಲ.

ಕೊಟ್ಟ ಮುಲಾಮು ಹಚ್ಚಿದೆ, ಕರಿ ದಾರ ಕತ್ತರಿಸಿದೆ, ಬಿಳಿ ಹತ್ತಿಯ ಅಂಗಿ ಪೈಜಾಮ ಒಗೆಒಗೆದು ಹಾಕಿಕೊಂಡೆ. ಹದಿನೈದು ದಿನದೊಳಗೆ ಮೈ ತಣ್ಣಗಾಯಿತು. ಹಾಗೇ ಸೂರತ್ತಿಗೆ ಹೋದೆ. ಗುಜರಾತಿನಲ್ಲಿ ಯಾರಾದರೂ ತೀರಿಕೊಂಡರೆ ಬಿಳಿ ಬಟ್ಟೆ ಉಟ್ಟು ಮಾತಾಡಿಸಲು ಹೋಗುವುದು ರೂಢಿ. ನನ್ನನ್ನು ನೋಡಿದ ಕೂಡಲೇ ಶೇಠರು ಎದ್ದು ನಿಂತು ಕೈ ಮುಗಿದರು.

"ಯಾರು ಹೋದರು ಭಾಯಿ?"

"ತುರಿಕೆ ಹೋಯಿತು ಶೇಠ್."

ವಿಷಯ ತಿಳಿದು ಅವರು ಮಾಲು ಬೇಡ ಅಂದಾರು ಅಂತ ಅಳುಕಿತ್ತು. ಅವರು ನನ್ನ ಬಿಳಿ ತೋಳಿನ ಮೇಲೆ ಬಣ್ಣದ ಚೂರು ಇಟ್ಟು ನೋಡಿ, "ಹೀಗೆ ಇಟ್ಟರೆ ಬಣ್ಣ ಸರಿಯಾಗಿ ಕಾಣುತ್ತೆ. ಮೊದಲು ನೀವು ಯಾವುದು, ಮಾಲು ಯಾವುದು ಅಂತಲೇ ಗೊತ್ತಾಗ್ತಿರಲಿಲ್ಲ" ಅಂದರು.

ಬೀಗರ ಮಾರಿ

ಸ್ಯಾಟಲೈಟ್‌ನ ಅಧಿಕಾರಿಗಳು ಡಾಕ್ಟರಮ್ಮನಿಗೆ ತಾವೇ ಫೋನು ಮಾಡಿ ಕೇಳಿಕೊಂಡರು. ಆದರೂ ಮನಸ್ಸು ಹದಕ್ಕೆ ಬರಲಿಲ್ಲ. "ಬಣ್ಣ ತಾಗಿದ್ರ ಮೈ ಏಳ್ತದ ಅಂದ್ರ ಯಾವ ಮಾತ್ರಿ ಇದು? ಬಣ್ಣದ ಅರಿವಿ ಜಗತ್ತೆಲ್ಲಾ ಹಾಕೋತೈತಿ. ಇರಲಿ, ನಿಮ್ಮ ಹಿರಿಯರನ್ನ ಕರಕೊಂಡು ಒಮ್ಮೆ ಬರ್ರಿ. ಎದುರಾಬದರಾ ಕೂತು ಹೌದೋ ಅಲ್ಲೋ ಹೇಳಿಬಿಡ್ತೀನಿ."

ಅವ್ವ, ಕಾಕಾ ಎರಡು ಗಾಡಿ ಬದಲಿಸಿ ಊರಿನಿಂದ ಬಂದರು. ಭಾನುವಾರ ಬೆಳಿಗ್ಗೆ ಅವರ ಮನೆಯಲ್ಲಿ ಕೂತೆವು. ಚಹಾ ಬಂತು, ಹುಡುಗಿ ಬಂದಳು, ಅವಳ ತಾಯಿ ಬಂದರು. ತಂದೆ ಮಾತ್ರ ಕೋಣೆಯಿಂದ ಹೊರಗೆ ಬರಲಿಲ್ಲ. "ಈಗ ಬರ್ತಾರ್ರಿ" ಅಂತ ತಾಯಿ ಅಂದರು. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಅಂದರು. ಬೇಡ ಅನ್ನಲಿಕ್ಕೆ ಮುಖವಿಲ್ಲದೆ ಒಳಗೆ ಕೂತಿದ್ದಾರೆ, ಹೆಣ್ಣು ತಪ್ಪಿತು ಅಂತಲೇ ನಾನು ತಿಳಿದೆ. ಕಾಕಾ ಹೆಗಲ ಮೇಲಿನ ಟವೆಲ್ಲು ಝಾಡಿಸಿ ಎದ್ದ.

"ಮನಿಗೆ ಬಂದವರಿಗೆ ಮಾರಿ ತೋರಿಸಲಾರದ ಬೀಗರು ಎಂಥಾ ಬೀಗರ್ರಿ?"

ಬಾಗಿಲು ತೆರೆಯಿತು. ಬೀಗರು ಮಾರಿ ತೋರಿಸಿದರು. ಅದು ಯಾರ ಮಾರಿ ಅಂತ ಮಾತ್ರ ಗೊತ್ತಾಗಲಿಲ್ಲ. ಕಣ್ಣೆರಡೂ ಕಡುಬಿನ ಅಂಚಿನಂತೆ ಮುಚ್ಚಿಹೋಗಿದ್ದವು. ಮೇಲ್ದುಟಿ ಊದಿ ಮೀಸೆ ಮೂಗಿನೊಳಗೆ ಹೊಗುತ್ತಿತ್ತು. ಆ ಮೀಸೆ ಇದ್ದಿಲಿಗಿಂತ ಕಪ್ಪಗೆ ಹೊಳೆಯುತ್ತಿತ್ತು.

"ಅಯ್ಯೋ ಶಿವನೇ, ಜೇನು ಕಡಿದಾವು" ಅಂದಳು ಅವ್ವ.

ನಾನು ಹತ್ತಿರ ಹೋಗಿ ನೋಡಿದೆ. ಕೂದಲ ಅಂಚು, ಕಿವಿಯ ಹಿಂದೆ, ತುಟಿ. ಎಲ್ಲೆಲ್ಲಿ ತಾಗಿತ್ತೋ ಅಲ್ಲಲ್ಲಿ ಕೆಂಪು. "ಸರ, ಮೀಸಿಗೆ ಬಣ್ಣ ಹಚ್ಚಿದ್ರೇನ್ರಿ?"

"ನಾನು? ಬಣ್ಣಾ?" ಅಂದರು, ತೊದಲುತ್ತ. "ನಮ್ಮ ಮನೆತನದಾಗ ಯಾರದೂ ಕೂದಲ ಬೆಳ್ಳಗಾಗಿಲ್ಲ."

"ಪಪ್ಪಾ, ಸಿಂಕ್ ನಿನ್ನೆ ಸೇ ಕಪ್ಪಗಿದೆ" ಅಂದಳು ಮಗಳು.

ಅವರು ಗೋಡೆ ಹಿಡಿದು ಕೂತರು. "ಇಷ್ಟ ವರ್ಷಾ ಹಚ್ಚೀನಿ, ಬರೇ ತಲಿ ಕೆರೀತಿತ್ತು. ಹಿಂಗೆಂದೂ ಆಗಿಲ್ಲ."

ಉಸಿರಾಟಕ್ಕೆ ತೊಂದರೆ ಇಲ್ಲ ತಾನೆ ಅಂತ ಕೇಳಿ, ತಡಮಾಡದೆ ಆಟೊ ಕರೆಸಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ದೆ. ಕಣ್ಣು ಕಾಣದ ಅವರನ್ನು ಮೆಟ್ಟಿಲಿಳಿಸುವಾಗ ನನ್ನ ತೋಳನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಡಾಕ್ಟರು ಚುಚ್ಚುಮದ್ದು ಹಾಕಿದರು. ಕೂದಲಿನ ಬಣ್ಣದ್ದೇ ಕೆಲಸ, ವರ್ಷಗಟ್ಟಲೆ ಸುಮ್ಮನಿದ್ದು ಒಮ್ಮೆಲೇ ಹೀಗೆ ಏಳುವುದುಂಟು, ಇನ್ನು ಮುಟ್ಟಲೇಬೇಡಿ ಅಂದರು. ಬೆಂಚಿನ ಮೇಲೆ ಕೂತ ಅವರು ಕೆರೆದುಕೊಳ್ಳಲು ಕೈ ಎತ್ತಿದಾಗಲೆಲ್ಲ ನಾನು ಹಿಡಿದು ಇಳಿಸಿದೆ. "ಬ್ಯಾಡ್ರಿ ಸರ, ಕೆರದಷ್ಟೂ ಹೆಚ್ಚಾಗ್ತದ."

ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಅವರು ಕೇಳಿದರು: "ತಮ್ಮಾ, ನಿನಗ ಆವತ್ತ ನಮ್ಮ ಮನ್ಯಾಗ ಇಷ್ಟ ಕೆರೀತಿತ್ತೇನು?"

"ಹೌದ್ರಿ."

"ಆದರೂ ಅವಲಕ್ಕಿ ಪೂರ್ತಿ ತಿಂದಿ."

"ಅವಲಕ್ಕಿ ಚೊಲೋ ಇತ್ರಿ."

ಹತ್ತು ದಿನಕ್ಕೆ ಬಾವು ಇಳಿಯಿತು. ಮೀಸೆ ಬೋಳಿಸಿ, ತಲೆ ಬೆಳ್ಳಗೆ ಬಿಟ್ಟುಕೊಂಡು ಅವರು ಹೆಂಡತಿ ಮಗಳ ಜೊತೆ ನಮ್ಮ ರೂಮಿಗೇ ಬಂದರು. ಅವ್ವನ ಜೊತೆ ಇನ್ನೂ ಅಲ್ಲೇ ಉಳಿದಿದ್ದ ಕಾಕಾನಿಗೆ ಗುರುತು ಸಿಗದೆ, "ಯಾರು ಬೇಕಾಗಿತ್ರಿ ಅಜ್ಜಾರ?" ಅಂದ. ಅವರು ನಕ್ಕು ಮಗಳ ಕಡೆ ತಿರುಗಿದರು. "ಹೇಳವ್ವಾ, ನಿನಗ ಹ್ಯಾಂಗ?"

ಅವಳು ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಬಿಳಿ ಅಂಗಿಗಳನ್ನು ನೋಡಿದಳು. "ನನಗೆ ಪಸಂದ್ ಇದೆ. ಲೇಕಿನ್ ಹೊಸ ಬಟ್ಟೆ ಒಗೆಯೋದು ಅವರ ಕೆಲಸ."

"ಒಗೀತೀಯೇನೋ?" ಅಂತ ಅವ್ವ ನನ್ನನ್ನು ಕೇಳಿದಳು.

"ನನ್ನ ಹಂಗ ಒಗಿಯೋವ್ರು ಮೂರು ಊರಾಗ ಇಲ್ಲ" ಅಂದೆ.

ಹೆಣ್ಣು ಕೊಟ್ಟರು.