ದುಲೊ ಮೇಷ್ಟ್ರ ದಪ್ಪ ಅಕ್ಷರ

ಇಲೊಯಿಲೊ ಊರಿನ ನಿವೃತ್ತ ಹೆಡ್‌ಮಾಸ್ಟರ್ ತಿಯೊದುಲೊ ಅವರಿಗೆ ಅರವತ್ತೆಂಟು ವರ್ಷದಿಂದ ಒಂದೇ ಕೊರಗು. ಅಣ್ಣ ಸೆವೆರೊ, ಅಲ್ಲಿಯವರ ಮಾತಿನಲ್ಲಿ ‘ಮನೊಂಗ್’, ತಮ್ಮನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಮೂವತ್ತು ವರ್ಷ ಹಡಗಿನಲ್ಲಿ ಸಮುದ್ರ ಸುತ್ತಿದ ಅಣ್ಣನ ಬಾಯಲ್ಲಿ ತಮ್ಮ ಇವತ್ತಿಗೂ ‘ಇಲಿಮರಿ’. ಆದ್ದರಿಂದ ಈ ವರ್ಷ ಬಳಗವೆಲ್ಲ ಸೇರುವ ದಿನ ತಮ್ಮ ಆತ್ಮಚರಿತ್ರೆಯನ್ನೇ ಅಚ್ಚು ಹಾಕಿಸಿ ಹಂಚುವುದೆಂದು ದುಲೊ ಪಣ ತೊಟ್ಟರು.

ಐದು ತಿಂಗಳು ಒಂದೇ ಬೆರಳಿನಿಂದ ಕಂಪ್ಯೂಟರ್ ಕುಟ್ಟಿ ತೊಂಬತ್ತು ಪುಟ ಮಾಡಿದರು. ಎಲ್ಲೆಲ್ಲಿ ಅವರ ಶೌರ್ಯ ಉಕ್ಕಿತ್ತೋ (ಎರಡು ಪುಟಕ್ಕೊಮ್ಮೆ ಉಕ್ಕುತ್ತಿತ್ತು) ಆ ವಾಕ್ಯಕ್ಕೆಲ್ಲ ಕೆಂಪು ಬಣ್ಣ ಬಳಿದರು. ಅಚ್ಚಿಗೆ ಹೋಗುವ ಮುಂಚೆ ಇವನ್ನೆಲ್ಲ ದಪ್ಪ ಅಕ್ಷರ ಮಾಡಬೇಕು ಎಂಬ ಗುರುತು ಅದು. ಆಮೇಲೆ ಕಾಗುಣಿತ ನೋಡಿಕೊಡೆಂದು ಹೆಂಡತಿ ಪಾನಿಂಗ್ ಮುಂದೆ ಇಟ್ಟರು. ಆಕೆಯೂ ಮೂರನೇ ಕ್ಲಾಸಿನ ಮಕ್ಕಳ ತಪ್ಪು ತಿದ್ದಿ ತಿದ್ದಿಯೇ ನಿವೃತ್ತಳಾದವಳು.

ವಾರ ಕಳೆದ ಮೇಲೆ ಪಾನಿಂಗ್ ಹೇಳಿದಳು: “ನೋಡಿದೀನಿ. ಅಲ್ಲಲ್ಲಿ ಒಂದೆರಡು ಮಾತು ಸೇರ್ಸಿದೀನಿ. ಒಂದೊಂದೇ ಓದಿ ಸರಿಮಾಡ್ಕೊ, ದುಲೊ.”

“ಒಂದೊಂದೇ ಯಾಕೆ? ಮಗಳು ಹೇಳ್ಕೊಟ್ಟಿದಾಳೆ. ಒಂದು ಕೆಂಪು ಪದದ ಮೇಲೆ ಕರ್ಸರ್ ನಿಲ್ಲಿಸ್ಕೊಂಡು, ಇದೇ ಥರದ್ದನ್ನೆಲ್ಲ ಆರಿಸು ಅಂತ ಒತ್ತಿದ್ರೆ, ತೊಂಬತ್ತು ಪುಟದ ಕೆಂಪೂ ಒಟ್ಟಿಗೆ ಸಿಗತ್ತೆ. ಒಂದೇ ಏಟಿಗೆ ಎಲ್ಲ ಕಪ್ಪು, ಎಲ್ಲ ದಪ್ಪ.”

“ಓದೋಕೇನು ಧಾಡಿ?”

“ಬರ್ದೋನು ನಾನು. ನಂಗೆ ಗೊತ್ತಿಲ್ದೇ ಇರೋದು ಅದ್ರಲ್ಲಿ ಏನಿರತ್ತೆ?”

ಒತ್ತಿದರು. ಬೆಲ್ಲು ಹೊಡೆದಾಗ ಎದ್ದು ನಿಲ್ಲುವ ಶಾಲೆಯ ಹಾಗೆ ಕೆಂಪು ವಾಕ್ಯಗಳೆಲ್ಲ ಒಮ್ಮೆಲೇ ಆಯ್ಕೆಯಾದವು. ದುಲೊ ಕಣ್ಣು ತುಂಬಿ ಬಂತು. ಮರುದಿನವೇ ನಲವತ್ತು ಪ್ರತಿ ಅಚ್ಚಾಯಿತು.

ಬಳಗ ಸೇರಿದ್ದು ಅಣ್ಣನ ಹಿತ್ತಲಲ್ಲಿ. ಇಡೀ ಹಂದಿ ಸುಟ್ಟು ಬಾಳೆಲೆಯ ಮೇಲೆ ಮಲಗಿಸಿದ್ದರು. ಸೆವೆರೊ ಕನ್ನಡಕ ಏರಿಸಿ, ಪುಸ್ತಕವನ್ನು ನಡುವೆ ತೆರೆದು, ಹಡಗಿನ ದನಿಯಲ್ಲಿ ಓದತೊಡಗಿದರು.

“‘ಆ ವರ್ಷದ ನೆರೆಯಲ್ಲಿ ಪ್ರಶ್ನೆಪತ್ರಿಕೆಗಳನ್ನು ತಲೆಯ ಮೇಲೆ ಹೊತ್ತು ಉಕ್ಕುವ ಹೊಳೆಯನ್ನು ದಾಟಿದೆ. ದಾಟಿದ್ದು ಕೋಣ. ಇವನು ಬಾಲ ಹಿಡ್ಕೊಂಡಿದ್ದ.’”

“ಮನೊಂಗ್, ಇರೋದನ್ನ ಮಾತ್ರ ಓದು,” ಎಂದರು ದುಲೊ.

“ಇರೋದನ್ನೇ ಓದ್ತಿದೀನಿ. ದಪ್ಪ ಅಕ್ಷರದಲ್ಲಿದೆ.” ಸೆವೆರೊ ಪುಟ ತಿರುಗಿಸಿದರು. “‘ಶಾಲೆಯ ಉಗ್ರಾಣದಲ್ಲಿ ಅಡಗಿದ್ದ ಕಳ್ಳನನ್ನು ಒಬ್ಬನೇ ಎದುರಿಸಿದೆ. ಅದು ಬೆಕ್ಕು.’”

ಹಿತ್ತಲು ನಗೆಯಲ್ಲಿ ಮುಳುಗಿತು. ದುಲೊ ತಮ್ಮ ಪ್ರತಿ ಬಿಚ್ಚಿದರು. ಪ್ರತಿ ಶೌರ್ಯದ ಬೆನ್ನಿಗೂ ಹೆಂಡತಿಯ ಒಂದೊಂದು ಮಾತು, ಅಷ್ಟೇ ದಪ್ಪಗೆ.

“ಏನೇ ಇದು?”

“ನಿನ್ನ ವಾಕ್ಯದ ತುದೀಲಿ ಟೈಪ್ ಮಾಡಿದ್ರೆ ನಂದೂ ಕೆಂಪಾಗೇ ಬಂತು,” ಎಂದು ಪಾನಿಂಗ್ ಪಿಸುಗುಟ್ಟಿದಳು. “ತಿದ್ದೋದು ಕೆಂಪಲ್ಲೇ ಅಂತ ಮಿಷನ್ನಿಗೂ ಗೊತ್ತಿದೆ ಅಂದ್ಕೊಂಡೆ. ನೀನು ನೋಡಿ ಅಳಿಸ್ತೀಯ ಅಂತಿದ್ದೆ. ಓದು ಅನ್ಲಿಲ್ವಾ?”

ಅಷ್ಟರಲ್ಲಿ ಸೆವೆರೊ ಕೊನೆಯ ಪುಟಗಳಿಗೆ ಬಂದಿದ್ದರು. “‘ಜ್ವರದಲ್ಲಿದ್ದ ಹೆಂಡತಿಯನ್ನು ಬೆನ್ನ ಮೇಲೆ ಹೊತ್ತು ಹನ್ನೆರಡು ಕಿಲೋಮೀಟರ್ ನಡೆದು ಆಸ್ಪತ್ರೆ ಮುಟ್ಟಿಸಿದೆ.’” ಎಲ್ಲರೂ ನಗಲು ಸಿದ್ಧರಾಗಿ ಕಾದರು. ಸೆವೆರೊ ಮುಂದಿನ ಸಾಲನ್ನು ಮೊದಲು ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ದನಿ ತಗ್ಗಿಸಿ ಹೇಳಿದರು: “‘ಹನ್ನೆರಡಲ್ಲ, ಹದಿನಾಲ್ಕು.’”

ಯಾರೂ ನಗಲಿಲ್ಲ. ಸೆವೆರೊ ಪುಸ್ತಕ ಮುಚ್ಚಿ ತಮ್ಮನ ಕಡೆ ತಿರುಗಿದರು.

“ಒಳ್ಳೇ ಪುಸ್ತಕ, ದುಲೊ.”

ಹುಟ್ಟಿದಾಗಿನಿಂದ ಕಾದ ಮಾತು. ದುಲೊ ಎದೆಯುಬ್ಬಿಸಿ, ಜೇಬಿನಿಂದ ಪೆನ್ನು ತೆಗೆದು ಎದ್ದು ನಿಂತರು. ಸೆವೆರೊ ಹತ್ತಿರ ಬಂದು ಆ ಪೆನ್ನನ್ನು ಅವರ ಕೈಯಿಂದ ತೆಗೆದುಕೊಂಡು ಪಾನಿಂಗ್‌ಗೆ ಕೊಟ್ಟರು.

“ಇಲ್ಲೊಂದು ಸಹಿ ಹಾಕಮ್ಮ.”

ಅವರ ಹಿಂದೆ ಇಡೀ ಬಳಗ ಸಾಲುಗಟ್ಟಿತು. ದುಲೊ ಅತ್ತಿತ್ತ ನೋಡಿದರು. ಆಮೇಲೆ ತಮ್ಮ ಪ್ರತಿಯನ್ನು ಹಿಡಿದುಕೊಂಡು ಹೋಗಿ ಸಾಲಿನ ಕೊನೆಯಲ್ಲಿ ನಿಂತರು.