ಲಾನ್‌ಯಿಂಗ್‌ಳ ಹುಳಿಜಾಡಿ

ಪಾನ್ ಮಾಡಿದ ತಪ್ಪು ಇಷ್ಟೇ. ಹಂದಿಯ ಕೊಬ್ಬಿನಲ್ಲಿ ಮೆಣಸಿನಕಾಯಿ ಹುರಿದ ಸೌಟನ್ನು ತೊಳೆಯದೆ ಹುಳಿಜಾಡಿಗೆ ಅದ್ದಿದ್ದ. ಈ ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆಲ್ಲ ಬೂಷ್ಟು, ಒಳಗೆ ಕೆಟ್ಟ ನಾತ.

ಜಾಡಿ ಹೆಂಡತಿ ಲಾನ್‌ಯಿಂಗ್‌ಳದು. ಅವಳು ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಬಟ್ಟೆಬರೆಗಳನ್ನು ಅವಳ ತಂಗಿ ಒಯ್ದಳು, ಜಾಡಿ ಉಳಿಯಿತು. ಪಾನ್ ಅದಕ್ಕೆ ದಿನವೂ ಅಕ್ಕಿ ತೊಳೆದ ನೀರು ಎರೆಯುತ್ತಿದ್ದ. ಬೆಳಿಗ್ಗೆ ಒಂದು ಬಟ್ಟಲು ಹುಳಿನೀರು ಕುದಿಸಿ, ಸುಟ್ಟ ಮೆಣಸಿನಪುಡಿ ಉದುರಿಸಿ, ಶ್ಯಾವಿಗೆಯ ಮೇಲೆ ಸುರಿದುಕೊಳ್ಳುತ್ತಿದ್ದ. ಮೊದಲ ಗುಟುಕಿಗೆ ಅವಳು ಎದುರಿಗೆ ಬಂದು ಕೂತ ಹಾಗಾಗುತ್ತಿತ್ತು. ಎರಡನೆಯ ಗುಟುಕಿಗೆ ಇರುತ್ತಿರಲಿಲ್ಲ. ಅದಕ್ಕೇ ಮೊದಲನೆಯದನ್ನು ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಳ್ಳುತ್ತಿದ್ದ.

"ಲೋ ಪಾನ್, ಇಲಿ ಗಿಲಿ ಸತ್ತಿದೆಯೇನೋ?" ಎನ್ನುತ್ತ ಪಕ್ಕದ ಮನೆಯ ಷಿ ಒಳಗೆ ಬಂದ. ಬೀದಿಯಲ್ಲಿ ಗಬ್ಬು ನಾರುವ ಸೋಯಾ ಗಿಣ್ಣು, ತೋಫು, ಸುಟ್ಟು ಮಾರುವವನು. ಅವನ ಮೂಗಿಗೇ ನಾತ ತಟ್ಟಿತೆಂದರೆ ವಿಷಯ ಗಂಭೀರವೇ.

"ಚರಂಡಿ ಕಣೋ," ಎಂದ ಪಾನ್. ಲಾನ್‌ಯಿಂಗ್ ಇದ್ದಾಗಲೂ ಆಗೀಗ ಮನೆ ನಾರುತ್ತಿತ್ತು. ಅವಳು ಚರಂಡಿ ಎನ್ನುತ್ತಿದ್ದಳು, ಪಾನ್ ಹೋಗಿ ಕಟ್ಟಡದ ಮೇಲ್ವಿಚಾರಕನ ಜೊತೆ ಜಗಳ ಆಡಿಕೊಂಡು ಬರುತ್ತಿದ್ದ.

"ಚರಂಡಿ ಜಾಡಿ ಒಳಗೆ ಹರೀತಿದೆಯಾ?" ಷಿ ಬಗ್ಗಿ ನೋಡಿ ಬಾಗಿಲಿಗೆ ಓಡಿದ. "ಅಯ್ಯೋ, ಲಾನ್‌ಯಿಂಗ್ ಅತ್ತಿಗೆ ಜಾಡಿ ಕೆಟ್ಟೋಯ್ತು!"

ಅವರ ಊರು ಲೈಷಾನ್‌ನಲ್ಲಿ ಹುಳಿಜಾಡಿ ಕೆಟ್ಟರೆ ಮನೆಯಲ್ಲಿ ಯಾರಿಗೋ ಕಾಯಿಲೆಯಾದ ಹಾಗೆ. ನೋಡಲು ಬರುವವರನ್ನು ತಡೆಯಲಾಗುವುದಿಲ್ಲ. ಮೇಲಿನ ಮನೆಯ ಯಾಂಗ್ ಮೇಷ್ಟ್ರು ಜಾಡಿಗೆ ಮದ್ದೆಂದು ಹಸಿ ಬಿದಿರುಕಳಲೆ ಹಿಡಿದುಕೊಂಡು ಇಳಿದು ಬಂದರು. ಷಿ ಅಕ್ಕಿಯ ಹೆಂಡ ತಂದ.

"ಹೆಂಡ ಬಿದ್ದರೆ ಬೂಷ್ಟು ಸಾಯುತ್ತೆ," ಎಂದು ಜಾಡಿಗೊಂದು ಬಟ್ಟಲು ಸುರಿದು, ತಾನೂ ಒಂದು ಬಟ್ಟಲು ಏರಿಸಿದ.

"ನಿನಗೆ ಯಾಕೋ?" ಎಂದ ಪಾನ್.

"ಪಾಪ, ಜಾಡಿ ಒಂದೇ ಕುಡೀಬೇಕಾ?"

"ಹೆಂಡ ಅಲ್ಲರೀ ಮುಖ್ಯ, ಕೈಗುಣ," ಎಂದರು ಮೇಷ್ಟ್ರು ತೋಳು ಮಡಚುತ್ತ. "ನಾನು ಕೈಯಿಟ್ಟ ಜಾಡಿ ಇವತ್ತಿನವರೆಗೂ ಕೆಟ್ಟಿಲ್ಲ."

"ನಿಮ್ಮ ಮನೇಲಿ ಜಾಡಿನೇ ಇಲ್ವಲ್ಲ ಮೇಷ್ಟ್ರೇ!"

ಹೀಗೆ ಇಬ್ಬರ ಕೈಗುಣವೂ ಮೊಣಕೈವರೆಗೆ ಒಳಗಿಳಿದು ಮೇಲೆ ಬಂತು. ಆ ಹೊತ್ತಿಗೆ ಜಾಡಿ ಮದುವೆಯ ಮರುದಿನದ ಹಿತ್ತಿಲಿನಂತೆ ನಾರುತ್ತಿತ್ತು. ಪಾನ್ ಗೋಡೆಗೊರಗಿ ನಿಂತಿದ್ದ. ಅವನ ಮುಖ ನೋಡಿ ಷಿಯ ಅಮಲು ಸ್ವಲ್ಪ ಇಳಿಯಿತು.

"ಕೆಳಗಿನ ಮನೆ ಲುವೋ ಅತ್ತಿಗೆ ಹತ್ರ ಹೋಗಿ ಹೆಪ್ಪು ಕೇಳೋ. ಅವಳ ಹುಳಿ ಥೇಟ್ ನಿನ್ನ ಹೆಂಡತಿ ಹುಳಿ ಥರಾನೇ ಇರುತ್ತೆ. ಇಲ್ಲಿಂದಲೇ ಹೋಗಿರಬೇಕು."

ಪಾನ್‌ಗೆ ಎದೆ ಹಗುರಾಯಿತು, ಮರುಕ್ಷಣ ಭಾರವಾಯಿತು. ಬಸ್ ಓಡಿಸುತ್ತಿದ್ದ ಕಾಲದಿಂದಲೂ ಅವನು ಕಟ್ಟಡದ ಮಂದಿಗೆಲ್ಲ ಹೇಳಿಕೊಂಡು ಬಂದಿದ್ದ: ಹುಳಿ ಅಂದರೆ ನನ್ನ ಹೆಂಡತಿಯದು, ಲುವೋ ಹುಳಿ ಬಸ್ಸಿನ ಬ್ಯಾಟರಿಗೆ ಹಾಕೋದಕ್ಕೆ ಸರಿ. ಒಂದು ಸಲವೂ ರುಚಿ ನೋಡಿರಲಿಲ್ಲ.

ಬಟ್ಟಲು ಹಿಡಿದು ಕೆಳಗಿಳಿದ. ಲುವೋ ಬಾಗಿಲಲ್ಲೇ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು.

"ಏನು ಪಾನಣ್ಣ, ಬ್ಯಾಟರಿ ಕೆಟ್ಟಿತಾ?"

ಪಾನ್ ತಲೆ ತಗ್ಗಿಸಿ ಬಟ್ಟಲು ಚಾಚಿದ. ಅವಳು ಒಳಗೆ ಹೋಗಿ ತುಂಬಿಸಿ ತಂದಳು. ಅವನು ನಿಂತಲ್ಲೇ ಒಂದು ಗುಟುಕು ಕುಡಿದ.

ಲಾನ್‌ಯಿಂಗ್ ಬಂದಳು. ಲುವೋಳ ಮೆಣಸಿನಕಾಯಿ ಮೊರದ ಪಕ್ಕದಲ್ಲೇ ಕೂತಳು. ಪಾನ್ ನುಂಗಲಿಲ್ಲ. ಕಣ್ಣಲ್ಲಿ ನೀರು ಬಂತು.

"ಇದು ಅವಳದೇ," ಎಂದ ಕಡೆಗೆ. "ಅವಳು ನಿನಗೆ ಕೊಟ್ಟಿದ್ದು."

ಲುವೋ ಒಂದು ತೊಟ್ಟು ಮುರಿದಳು. ಇನ್ನೊಂದು ಮುರಿದಳು.

"ಕೊಟ್ಟಿದ್ದು ನಾನು, ಪಾನಣ್ಣ. ಮದುವೆಯಾದ ವರ್ಷ ಅವಳ ಜಾಡಿ ಕೆಟ್ಟಿತು. ಮರುದಿನ ನಿಮ್ಮಮ್ಮ ಸೊಸೆ ಹುಳಿ ರುಚಿ ನೋಡೋಕೆ ಬರೋರಿದ್ದರು. ಅಳ್ತಾ ಬಂದಳು, ಕೊಟ್ಟೆ. ಆಮೇಲೂ ಕೆಡ್ತಾನೇ ಇತ್ತು, ನಾನು ಕೊಡ್ತಾನೇ ಇದ್ದೆ. ಶಾಲಿನೊಳಗೆ ಬಟ್ಟಲು ಮುಚ್ಚಿಕೊಂಡು ಹೋಗೋಳು. ಪಾಪ, ಅವಳಿಗೆ ಎಲ್ಲಾ ಗುಣ ಇತ್ತು, ಕೈಗುಣ ಒಂದಿರಲಿಲ್ಲ. ನೀನು ಹೊಗಳಿದಾಗೆಲ್ಲ ನನ್ನ ಕಡೆ ನೋಡಿ ಕಣ್ಣಲ್ಲೇ ಕೈ ಮುಗಿಯೋಳು."

"ಕೆಟ್ಟಾಗ ನನಗೆ ಗೊತ್ತಾಗಲಿಲ್ಲವಲ್ಲ?"

"ಗೊತ್ತಾಗ್ತಿತ್ತಲ್ಲ. ನೀನು ಚರಂಡಿ ಅಂತ ಜಗಳಕ್ಕೆ ಹೋಗ್ತಿದ್ದೆ. ನೀನು ಆ ಕಡೆ ಹೋದಾಗ ಇವಳು ಈ ಕಡೆ ಬರ್ತಿದ್ದಳು."

ಪಾನ್ ಬಟ್ಟಲನ್ನು ನೋಡುತ್ತ ನಿಂತ. ರುಚಿ ಲುವೋಳದು. ಹಾಗಾದರೆ ಅವಳದೇ ಆದದ್ದು, ಅವಳ ಕೈಯಾರೆ ಆದದ್ದು ಇಷ್ಟು ವರ್ಷ ಆ ಮನೆಯಲ್ಲಿ ಏನಿತ್ತು? ಉತ್ತರ ಹೊಳೆದದ್ದೇ ಮೆಟ್ಟಿಲು ಹತ್ತಿ ಓಡಿದ. ಹುಳಿನೀರು ತುಳುಕಿ ಚಪ್ಪಲಿಗೆ ಬಿತ್ತು.

ಬಾಗಿಲು, ಕಿಟಕಿ ಎಲ್ಲ ತೆರೆದಿದ್ದವು. ಜಾಡಿ ಬಿಸಿಲಿನಲ್ಲಿ ಬೋರಲಾಗಿ ಹೊಳೆಯುತ್ತಿತ್ತು.

"ಕುದಿಯೋ ನೀರಲ್ಲಿ ಮೂರು ಸಲ ತಿಕ್ಕಿದೀವಿ," ಎಂದ ಷಿ ಹೆಮ್ಮೆಯಿಂದ. "ಮೂಗಿಟ್ಟು ನೋಡು. ಒಂದು ಚೂರು ನಾತ ಉಳಿದಿದ್ದರೆ ಹೇಳು!"

ಪಾನ್ ಜಾಡಿಯನ್ನೆತ್ತಿ ಒಳಗೆ ಮೂಗಿಟ್ಟ. ಒಂದು ಚೂರೂ ಉಳಿದಿರಲಿಲ್ಲ. ಬಹಳ ಹೊತ್ತು ಮುಖ ಮೇಲೆತ್ತಲಿಲ್ಲ. ಸಂತೋಷಕ್ಕೆ ಮಾತೇ ಬರುತ್ತಿಲ್ಲ ಎಂದು ಮೇಷ್ಟ್ರು ಷಿಗೆ ಪಿಸುಗುಟ್ಟಿದರು.

ಅವರು ಹೋದ ಮೇಲೆ ಲುವೋಳ ಹೆಪ್ಪನ್ನು ಜಾಡಿಗೆ ಸುರಿದು ಅಕ್ಕಿ ತೊಳೆದ ನೀರು ಎರೆದ. ಮುಚ್ಚಳ ಎತ್ತಿಕೊಂಡವನು ಅದನ್ನು ಮತ್ತೆ ಕೆಳಗಿಟ್ಟ. ಆಮೇಲೆ ಒಲೆಯ ಪಕ್ಕದಲ್ಲಿದ್ದ ಕೊಬ್ಬಿನ ಸೌಟು ತಂದು, ನಿಧಾನವಾಗಿ, ಹಿಡಿಯವರೆಗೂ ಅದ್ದಿದ.

ಮುಂದಿನ ವಾರ ಷಿ ಹೊರಗಿನಿಂದಲೇ ಕೂಗಿದ. "ಲೋ ಪಾನ್, ಮತ್ತೆ ಏನೋ ಇದು ನಾತ?"

ಪಾನ್ ಬಾಗಿಲು ಭದ್ರವಾಗಿ ಹಾಕಿಕೊಂಡ.

"ಚರಂಡಿ ಕಣೋ," ಎಂದು ಒಳಗಿನಿಂದಲೇ ಹೇಳಿ, ಇನ್ನೊಮ್ಮೆ ಆಳವಾಗಿ ಉಸಿರೆಳೆದುಕೊಂಡ.