ಕಪ್ಪು ತಂತಿಯೂ ಅತ್ತೆಯವರ ದನಿಯೂ

"ಈ ರೆಕಾರ್ಡ್ ಪ್ಲೇಯರನ್ನ ಸಂಜೆಯೊಳಗೆ ಹಾಡಿಸದಿದ್ರೆ ನಾನು ಗಂಡಸೇ ಅಲ್ಲ!" ಎಂದು ಸ್ಕ್ರೂಡ್ರೈವರ್ ಎತ್ತಿ ಹಿಡಿದು ಹೆಂಡತಿಯ ಮುಂದೆ ಘೋಷಿಸಿದೆ.

ಮೈಯೆಲ್ಲ ಉರಿಯುತ್ತಿತ್ತು ಸ್ವಾಮಿ! ರಿಪೇರಿ ಅಂಗಡಿಯವನು ಹದಿನೈದು ದಿನ ಬೇಕು ಎಂದಿದ್ದಲ್ಲದೆ, "ನೀವು ಮಾತ್ರ ಬಿಚ್ಚಬೇಡಿ ಸಾರ್" ಎಂದೂ ಸೇರಿಸಿದ್ದ. 'ಮಾತ್ರ' ಅಂತೆ, 'ಮಾತ್ರ'!

ಅದು ಮಾವನವರ ಯಂತ್ರ. ಐದು ಗಂಟೆಗೆ ಅವರೇ ಬರುವವರಿದ್ದರು. ಅತ್ತೆಯವರು ತೀರಿಕೊಂಡು ವರ್ಷವಾಗಿತ್ತು. ತಮ್ಮ ಮದುವೆಯ ಹೊಸತರಲ್ಲಿ ಅವರು ಸ್ಟುಡಿಯೋದಲ್ಲಿ ಹಾಡಿದ ಒಂದೇ ಒಂದು ರೆಕಾರ್ಡ್ ಉಳಿದಿತ್ತು. ಅದನ್ನು ಕೇಳಬೇಕೆಂದು ಮಾವನವರಿಗೆ ಆಸೆ.

ಮೊದಲು ತಿರುಗುವ ತಟ್ಟೆ ಎತ್ತಿದೆ. ಒಳಗಿನ ರಬ್ಬರ್ ಬೆಲ್ಟು ಕರಗಿ ಅಂಟಾಗಿತ್ತು. ಕೆರೆದು, ಹೊಸದು ಹಾಕಿದೆ. ಮುಳ್ಳಿನ ಹಿಂದೆ ಕೂದಲಿನಂಥ ನಾಲ್ಕು ತಂತಿಗಳು. ಒಂದನ್ನು ಮುಟ್ಟಿದೆ, ಪಟ್ಟನೆ ಕಿತ್ತುಬಂತು. ಬೆಸುಗೆ ಹಾಕಹೋದರೆ ಬೆಸುಗೆ ನನ್ನ ಹೆಬ್ಬೆರಳಿಗೆ ಹತ್ತಿತು! ಕೂಗಿದೆ, ಬೈದೆ, ಊದಿಕೊಂಡೆ, ಕೊನೆಗೂ ಅಂಟಿಸಿದೆ. ಹಿಂದುಗಡೆ ಕಪ್ಪು ತಂತಿಯೊಂದು ಎಲ್ಲಿಗೂ ಸೇರದೆ ಸೋಮಾರಿಯಂತೆ ನೇತಾಡುತ್ತಿತ್ತು. ಸಿಟ್ಟಿನಲ್ಲಿ ಕಚಕ್ಕನೆ ಕತ್ತರಿಸಿದೆ.

ಸ್ವಿಚ್ ಹಾಕಿದರೆ ಗುಂಯ್ಯ್ ಎಂದು ಮನೆಯೇ ಜೇನುಗೂಡಾಯಿತು!

"ಏನ್ರೀ ಅದು?" ಹೆಂಡತಿ ಓಡಿಬಂದಳು.

"ಹಳೇ ಯಂತ್ರ, ನರಳ್ತಿದೆ."

ಅವಳು ಪೆಟ್ಟಿಗೆಯಲ್ಲಿದ್ದ ಕೈಪಿಡಿ ಬಿಡಿಸಿದಳು. "ಕಪ್ಪು ತಂತಿ ಅರ್ಥಿಂಗು, ಸೇರಿಸದಿದ್ರೆ ಗುಂಯ್‌ಗುಡುತ್ತೆ ಅಂತ ಬರೆದಿದೆ. ಎಲ್ಲಿ ಅದು?"

ನಾನು ನೆಲದ ಮೇಲಿನ ತುಂಡನ್ನು ತೋರಿಸಿದೆ.

"ಕತ್ತರಿಸಿದ್ರಾ? ಮಾಡಿದವನಿಗೇನು ಹುಚ್ಚಾ, ಸುಮ್ನೆ ತಂತಿ ಇಡೋಕೆ? ನಿಮಗೆ ಅರ್ಥವೂ ಆಗಲ್ಲ, ಅರ್ಥಿಂಗೂ ಆಗಲ್ಲ!"

"ಬಾಯ್ಮುಚ್ಚು!" ಎಂದೆ. ತಂತಿಯನ್ನು ಮತ್ತೆ ಹೆಣೆದು, ಪಕ್ಕದಲ್ಲಿದ್ದ ಆಂಪ್ಲಿಫಯರಿನ ತಿರುಪಿಗೆ ಬಿಗಿದೆ. ಗುಂಯ್ ನಿಂತಿತು! ಹೆಂಡತಿಯ ಬಾಯಿ ನಿಲ್ಲಲಿಲ್ಲ.

ಅಷ್ಟರಲ್ಲಿ ಮಾವನವರು ಬಂದು ಕುರ್ಚಿಯ ತುದಿಯಲ್ಲಿ ಕುಳಿತರು. ಹೆಂಡತಿ ರೆಕಾರ್ಡನ್ನು ಹಸುಗೂಸಿನಂತೆ ಹಿಡಿದು ತಂದಳು. "ಗೀರು ಬಿದ್ರೆ ನೋಡಿ!" ಎಂದು ಹಲ್ಲು ಕಡಿದಳು. ಅದನ್ನು ತಟ್ಟೆಗೇರಿಸಿ ಮುಳ್ಳಿಟ್ಟೆ.

ಕೀಚುಕೀಚು!

"ನಮ್ಮಮ್ಮನ್ನ ಇಲಿ ಮಾಡಿಬಿಟ್ರಲ್ರೀ!" ಹೆಂಡತಿಯ ಕಣ್ಣಲ್ಲಿ ನೀರು. ಈಗ ನನ್ನ ಸಿಟ್ಟಿಗೆ ಬೀಳಲು ಬೇರೆ ಜಾಗವೇ ಇರಲಿಲ್ಲ. ನನ್ನ ಮೇಲೇ ಬಿತ್ತು.

ಮಾವನವರು ಎದ್ದರು. ಮುಳ್ಳನ್ನೆತ್ತಿ, ತಟ್ಟೆ ತೆಗೆದು, ಮೋಟರಿನ ದಪ್ಪ ಗಾಲಿಗೆ ನಾನು ಹಾಕಿದ್ದ ಬೆಲ್ಟನ್ನು ಬೆರಳಿನಿಂದ ಸಣ್ಣ ಗಾಲಿಗೆ ಜಾರಿಸಿದರು. "ವೇಗ ಜಾಸ್ತಿಯಾಗಿತ್ತು ಅಳಿಯಂದ್ರೇ, ಅಷ್ಟೇ."

ಹಾಡು ಬಂತು. ಎಳೆಯ, ತುಂಬಿದ ದನಿ. ಮಾವನವರು ಕಣ್ಣು ಮುಚ್ಚಿದರು. ಹೆಂಡತಿ ಅಪ್ಪನ ಭುಜ ಹಿಡಿದಳು. ಸುಮ್ಮನಿರಬಾರದೇ ನಾನು? ಹಾಡು ಮುಗಿಯುತ್ತಲೇ, ಸ್ಪೀಕರಿನ ತಂತಿ ಸ್ವಲ್ಪ ಸಡಿಲವೆನಿಸಿ ಮೆಲ್ಲಗೆ ಕೈ ಚಾಚಿದೆ.

"ಅಯ್ಯೋ, ಅದಕ್ಕೆ ಕೈ ಹಾಕ್ಬೇಡಿ! ಗೊತ್ತಿಲ್ಲದ್ದನ್ನ ಯಾಕ್ರೀ ಮುಟ್ತೀರಾ?" ಸ್ಪೀಕರಿನಿಂದಲೇ ಅತ್ತೆಯವರ ದನಿ ಗದರಿತು!

"ಇಲ್ಲ ಅತ್ತೇ, ಮುಟ್ಟಿಲ್ಲ!" ಎಂದು ಕೈ ಎಳೆದುಕೊಂಡೆ.

ಮಾವನವರು ಕಣ್ಣೊರೆಸಿಕೊಂಡು ನಕ್ಕರು. "ಅದು ನನಗೆ ಬೈದಿದ್ದು ಅಳಿಯಂದ್ರೇ. ಅವತ್ತು ಸ್ಟುಡಿಯೋದವರ ಮೈಕ್ ತಿರುಗಿಸೋಕೆ ಹೋಗಿದ್ದೆ, ಬೈಗುಳವೂ ರೆಕಾರ್ಡಾಗಿಬಿಡ್ತು."

"ಯಾರಿಗಾದ್ರೂ ಬೈದಿರ್ಲಿ ಅಪ್ಪ," ಎಂದಳು ನನ್ನ ಹೆಂಡತಿ. "ಹಾಡು ಆಮೇಲೆ ಕೇಳೋಣ. ಆ ಕೊನೇ ಮಾತನ್ನ ಇನ್ನೊಂದ್ಸಲ ಹಾಕಿ!"